ಗಸ್ತು ರೈಫಲ್‌ಗೆ ಮೊದಲು ಏನು ಹಾಕಿಸಬೇಕು?

ಎಆರ್-15 ಮಾದರಿಯ ಗಸ್ತು ರೈಫಲ್‌ಗೆ ರೆಡ್ ಡಾಟ್ (ಕೆಂಪು ಚುಕ್ಕಿ ತೋರಿಸುವ ಗುರಿಸಾಧನ), ಲೈಟ್, ಸ್ಲಿಂಗ್ (ತೂಗುಹಾಕುವ ಪಟ್ಟಿ), ಬೈಪಾಡ್ (ಎರಡು ಕಾಲಿನ ಆಸರೆ) ಇವುಗಳಲ್ಲಿ ಯಾವುದು ಮೊದಲು ಅಂತ ಕೇಳಿದ್ದೀರಿ. ಸ್ಲಿಂಗ್, ಲೈಟ್ ಮೊದಲು. ಬೈಪಾಡ್ ಬೇಡ, ಗಸ್ತಿನಲ್ಲಿ ಅದು ಬರೀ ಭಾರ.

ಎರಡು ಕಡೆ ಸಿಕ್ಕಿಸುವ ಸ್ಲಿಂಗ್ ತಗೊಳ್ಳಿ. ಬೇಡಿ ಹಾಕುವಾಗ ಎರಡೂ ಕೈ ಖಾಲಿ ಇರಬೇಕಲ್ಲ; ಒಂದೇ ಕಡೆ ಸಿಕ್ಕಿಸಿದರೆ ರೈಫಲ್ ತೂಗಾಡಿ ಕಾಲಿಗೆ ಬಡಿಯುತ್ತೆ. ಲೈಟನ್ನು ಹ್ಯಾಂಡ್‌ಗಾರ್ಡ್‌ನ (ಬ್ಯಾರಲ್ ಸುತ್ತಲಿನ ಹಿಡಿಕೆಯ) ಮುಂತುದಿಗೆ ತನ್ನಿ, ಹಿಂದಿದ್ದರೆ ಬ್ಯಾರಲ್‌ನ ನೆರಳು ಬೆಳಕಿಗೆ ಅಡ್ಡ ಬರುತ್ತೆ. ಗುಂಡು ಹಾರಿಸಿದಷ್ಟೂ ಗಾಜಿನ ಮೇಲೆ ಮಸಿ ಕೂರುತ್ತೆ, ಒರೆಸುತ್ತಿರಿ.

ಈಗ ರೆಡ್ ಡಾಟ್. ಅದನ್ನು ಕೂರಿಸುವ ಮೌಂಟನ್ನು ರೈಲ್ (ರೈಫಲ್ ಮೇಲಿನ ಗಾಡಿಗಳಿರುವ ಪಟ್ಟಿ) ಮೇಲೆ ಮುಂದಕ್ಕೆ ಒತ್ತಿ ಹಿಡಿದೇ ಬಿಗಿ ಮಾಡಿ. ಸಂದು ಉಳಿದರೆ ಹಿನ್ನೊದೆತಕ್ಕೆ ಜರುಗಿ ಜೀರೋ (ಡಾಟ್ ಇಟ್ಟಲ್ಲೇ ಗುಂಡು ಬೀಳುವ ಹೊಂದಾಣಿಕೆ) ಕೆಡುತ್ತೆ. ತಯಾರಕರು ಹೇಳಿದ ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ) ಬಿಗಿದು, ಸ್ಕ್ರೂ ತಲೆಯಿಂದ ಮೌಂಟ್‌ವರೆಗೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ತುಂಡಾಗಿ ಕಂಡರೆ ಸ್ಕ್ರೂ ಸಡಿಲವಾಗಿದೆ.

ಡ್ಯೂಟಿಯ ಗುಂಡಿನಿಂದಲೇ 50 ಗಜಕ್ಕೆ ಜೀರೋ ಮಾಡಿ. ಡಾಟ್ ಬ್ಯಾರಲ್‌ಗಿಂತ ಸುಮಾರು 2.6 ಇಂಚು ಮೇಲಿರುವುದರಿಂದ 5 ಗಜದಲ್ಲಿ ಗುಂಡು 2 ಇಂಚಿಗೂ ಹೆಚ್ಚು ಕೆಳಗೆ ಬೀಳುತ್ತೆ. ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ: ಕಾರಿನ ಬಾನೆಟ್ ಮೇಲಿಂದ ಗುರಿಯಿಟ್ಟಾಗ ಡಾಟ್‌ನಲ್ಲಿ ದಾರಿ ಖಾಲಿ ಕಾಣುತ್ತೆ, ಗುಂಡು ಬಾನೆಟ್ಟಿಗೇ ಹೊಡೆಯುತ್ತೆ.

ಮಡಚುವ ಐರನ್ ಸೈಟ್ (ಬ್ಯಾಟರಿ ಬೇಡದ ಲೋಹದ ಗುರಿಸಾಧನ) ಹಾಕಿಸಿದರೆ ಅದಕ್ಕೂ ಬೇರೆಯಾಗಿ ಜೀರೋ ಮಾಡಿ.