ದವಡೆಯಲ್ಲಿ ಪ್ಯಾಕ್ಸ್3 ಯಾಕೆ ಕಾಣಲಿಲ್ಲ?

ಪ್ರಾಣಿಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬರು ಧಾರವಾಡದಿಂದ ಬರೆದಿದ್ದಾರೆ: "ಮೂರು ದಿನ ಕಾವು ಕೊಟ್ಟ ಕೋಳಿಭ್ರೂಣಕ್ಕೆ ಪ್ಯಾಕ್ಸ್3 ಆಂಟಿಬಾಡಿ (ಆ ಹೆಸರಿನ ಪ್ರೋಟೀನಿಗೆ ಅಂಟಿ, ಅದಿರುವ ಕೋಶಗಳನ್ನು ಹೊಳೆಯಿಸುವಂಥದ್ದು) ಹಾಕಿದೆ. ಬೆನ್ನುದ್ದಕ್ಕೂ ಸೋಮೈಟ್‌ಗಳು (ನರನಾಳದ ಎರಡೂ ಬದಿಯ ಅಂಗಾಂಶದ ತುಂಡುಗಳು) ಹೊಳೆದವು. ದವಡೆಯ ಸ್ನಾಯು ಕಾಣಲೇ ಇಲ್ಲ. ಕಣ್ಣಿನ ಹಿಂದೆ ಒಂದಷ್ಟು ಚುಕ್ಕೆ ಬಂತು. ಆಂಟಿಬಾಡಿ ಕೆಟ್ಟಿದೆಯೇ?"

ಕೆಟ್ಟಿಲ್ಲ. ಕೆಟ್ಟಿದ್ದರೆ ಸೋಮೈಟ್‌ಗಳೂ ಹೊಳೆಯುತ್ತಿರಲಿಲ್ಲ. ನೀವು ಹುಡುಕಿದ ಜಾಗದಲ್ಲಿ ಆ ಪ್ರೋಟೀನ್ ಇಲ್ಲ, ಅಷ್ಟೇ. ಬೆನ್ನು, ಕೈಕಾಲುಗಳ ಸ್ನಾಯು ಸೋಮೈಟಿನಿಂದ ಹುಟ್ಟುತ್ತದೆ, ಅಲ್ಲಿ ಪ್ಯಾಕ್ಸ್3 ಬೇಕು. ದವಡೆಯದು ತಲೆಯ ಮೀಸೋಡರ್ಮಿನಿಂದ (ಭ್ರೂಣದ ನಡುಪದರದಿಂದ) ಮೊದಲ ಫ್ಯಾರಿಂಜಿಯಲ್ ಕಮಾನಿಗೆ (ಮುಂದೆ ದವಡೆಯಾಗುವ, ಗಂಟಲ ಬಳಿಯ ಉಬ್ಬಿಗೆ) ಬಂದ ಬೇರೆಯೇ ಬಳಗ. ಸೋಮೈಟಿನ ಪಾಠವನ್ನೇ ಇಡೀ ದೇಹಕ್ಕೆ ಹೊದಿಸುವ ಪಠ್ಯಪುಸ್ತಕಗಳ ಮೇಲೆ ನಮಗೂ ಸಿಟ್ಟಿದೆ.

ಪ್ಯಾಕ್ಸ್3 ಮತ್ತು ಸ್ನಾಯು ಬೆಳೆಸುವ ಮಿಫ್5 ಜೀನ್‌ಗಳೆರಡೂ ಕೆಟ್ಟ ಇಲಿಭ್ರೂಣಗಳಲ್ಲಿ ಮುಂಡದ ಸ್ನಾಯು ಬೆಳೆಯದೆ ತಲೆಯದು ಮಾತ್ರ ಬೆಳೆದದ್ದು 1997ರಲ್ಲೇ ವರದಿಯಾಯಿತು. 2002ರಲ್ಲಿ ಇಲಿಯಲ್ಲಿ ಮಯೋಆರ್, ಕ್ಯಾಪ್ಸುಲಿನ್ ಜೀನ್‌ಗಳೆರಡನ್ನೂ ತೆಗೆದಾಗ ಬಾಯಿ ಮುಚ್ಚುವ ಮ್ಯಾಸೆಟರ್, ಟೆಂಪೊರಾಲಿಸ್, ಟೆರಿಗಾಯ್ಡ್ ಸ್ನಾಯುಗಳು ಮಾಯವಾದವು. ಬಾಯಿಯ ತಳದವು ಉಳಿದವು. 2009ರ ಪ್ಯಾರಿಸ್ ಪಾಶ್ಚರ್ ಸಂಸ್ಥೆಯ ಕೆಲಸದಲ್ಲಿ ಟಿಬಿಎಕ್ಸ್1, ಮಿಫ್5 ಎಂಬ ಜೀನ್‌ಗಳ ಜೋಡಿ ಇಲ್ಲದಿದ್ದರೆ ಕಮಾನಿನ ಸ್ನಾಯುಗಳೇ ಇಲ್ಲವೆಂದು ತಿಳಿಯಿತು. ಅದರ ಮೊದಲ ಲೇಖಕ ರಾಮ್‌ಕುಮಾರ್ ಸಾಂಬಶಿವನ್ ಮುಂದೆ ಬೆಂಗಳೂರಿನ ಕಾಂಡಕೋಶ ಸಂಶೋಧನಾ ಸಂಸ್ಥೆ ಇನ್‌ಸ್ಟೆಮ್‌ನಲ್ಲಿ ಕೆಲಸ ಮಾಡಿದರು.

ಕಣ್ಣಿನ ಹಿಂದೆ ಕಂಡ ಆ ಚುಕ್ಕೆಗಳು ಸ್ನಾಯುವಲ್ಲ, ಮುಖದ ಟ್ರೈಜೆಮಿನಲ್ ನರದ ಪ್ಲಾಕೋಡಿನ (ನರಕೋಶ ಹುಟ್ಟಿಸುವ, ಹೊರಪದರದ ದಪ್ಪ ತುಣುಕಿನ) ಕೋಶಗಳಿರಬೇಕು. ಅವುಗಳಲ್ಲೂ ಪ್ಯಾಕ್ಸ್3 ಇದೆ. ಅದರ ಸೋದರ ಪ್ರೋಟೀನ್ ಪ್ಯಾಕ್ಸ್7ರ ಆಂಟಿಬಾಡಿ ಹಾಕೋಣವೆಂದರೆ ಇನ್ನೂ ಮೋಸ: ಕೋಳಿಯಲ್ಲಿ ಅದು ಎಳೆಯ ನ್ಯೂರಲ್ ಕ್ರೆಸ್ಟ್ (ನರನಾಳದ ಅಂಚಿನಿಂದ ವಲಸೆ ಹೋಗುವ) ಕೋಶಗಳನ್ನು ಚೆನ್ನಾಗಿ ಬೆಳಗಿಸುತ್ತದೆ, ತಲೆಯ ಸ್ನಾಯುಕೋಶಗಳಲ್ಲಿ ಮಿಫ್5, ಮಯೋಡಿ ಎಂಬ ಸ್ನಾಯು ಪ್ರೋಟೀನ್‌ಗಳು ಬಂದ ಮೇಲಷ್ಟೇ ಕಾಣಿಸುತ್ತದೆ. ಟಿಬಿಎಕ್ಸ್1 ಗಂಟಲಿನ ಎಂಡೋಡರ್ಮ್‌ನಲ್ಲೂ (ಒಳಪದರದಲ್ಲೂ) ಕಿವಿಯ ಚೀಲದಲ್ಲೂ ಇದೆ. ಹಾಗಾಗಿ ಒಂದೇ ಮಾರ್ಕರ್ (ಗುರುತಿನ ಪ್ರೋಟೀನ್) ನೋಡಿ ತೀರ್ಪು ಕೊಡಬೇಡಿ.

ನಾವು ಹೇಳುವ ಜೋಡಿ: ಸ್ನಾಯುವಾಗಲಿರುವ ಕೋಶಕ್ಕೆ ಮಯೋಡಿ, ಆಗಿರುವ ನಾರಿಗೆ ಸ್ನಾಯುವಿನ ಮಯೋಸಿನ್ ಪ್ರೋಟೀನ್ ಹಿಡಿಯುವ ಎಂಎಫ್20 ಆಂಟಿಬಾಡಿ. ಎಂಎಫ್20 ಹೃದಯವನ್ನೂ ಬೆಳಗಿಸುವುದು ಅನುಕೂಲವೇ, ಅದೇ ಭ್ರೂಣದಲ್ಲಿ ಪುಕ್ಕಟೆ ಕಂಟ್ರೋಲ್ ಸಿಕ್ಕಂತೆ. ಆದರೆ ತಲೆಯ ಸ್ನಾಯು ಮುಂಡದ್ದಕ್ಕಿಂತ ತಡವಾಗಿ ಬಲಿಯುತ್ತದೆ. ಮೂರನೇ ದಿನ ಹೃದಯ ಹೊಳೆದು ದವಡೆ ಕಪ್ಪಗಿದ್ದರೆ ಗಾಬರಿ ಬೇಡ, 37.5 ಡಿಗ್ರಿಯಲ್ಲಿ ಆರು ದಿನ ಕಾವು ಕೊಟ್ಟು ಮತ್ತೆ ನೋಡಿ. ಕೋಳಿಗೆ ಮ್ಯಾಸೆಟರ್ ಎಂಬ ಹೆಸರಿನ ಸ್ನಾಯುವಿಲ್ಲ, ಮ್ಯಾಂಡಿಬ್ಯುಲರ್ ಅಡಕ್ಟರ್ ಗುಂಪನ್ನು ಹುಡುಕಿ.

ಆರು ದಿನದ ತಲೆ ಇಡಿಯಾಗಿ ಹಾಕಿದರೆ ಆಂಟಿಬಾಡಿ ಒಳಕ್ಕೆ ಇಳಿಯುವುದಿಲ್ಲ, ಹೊರಪದರವೇ ಹೊಳೆದು ಮೋಸವಾಗುತ್ತದೆ. ಹಾಗಾಗಿ ಸೀಳಿ ನೋಡಬೇಕು. ಮೊದಲು ಅಂಗಾಂಶ ಗಟ್ಟಿಮಾಡಲು ತಲೆಯನ್ನು ಹೊಸದಾಗಿ ಕರಗಿಸಿದ 4% ಪ್ಯಾರಾಫಾರ್ಮಾಲ್ಡಿಹೈಡಿನಲ್ಲಿ 4 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟರೆ ಸಾಕು. ಇನ್ನೂ ಹೆಚ್ಚಿದರೆ ಮಯೋಡಿಯಂಥ ಕೋಶಕೇಂದ್ರದ ಪ್ರೋಟೀನ್‌ಗಳ ಗುರುತು ಮುಚ್ಚಿಹೋಗುತ್ತದೆ. ಆಮೇಲೆ 30% ಸಕ್ಕರೆ ದ್ರಾವಣದಲ್ಲಿ ತಲೆ ತಳ ಮುಟ್ಟುವವರೆಗೆ ಬಿಟ್ಟು, ಕ್ರಯೋಸ್ಟಾಟಿನಲ್ಲಿ (ಹೆಪ್ಪುಗಟ್ಟಿಸಿ ಸೀಳುವ ಯಂತ್ರದಲ್ಲಿ) 12–15 ಮೈಕ್ರಾನಿನ ಸೀಳು ತೆಗೆಯಿರಿ. 0.1% ಟ್ರೈಟನ್ (ಡಿಟರ್ಜೆಂಟ್) ಬೆರೆಸಿದ ಪಿಬಿಎಸ್ ಉಪ್ಪುದ್ರಾವಣದಲ್ಲಿ ತೊಳೆದು, 10% ಆಡಿನ ಸೀರಮ್‌ನಲ್ಲಿ ಒಂದು ಗಂಟೆ ಇಟ್ಟು, ಎಂಎಫ್20ಯನ್ನು ಮಿಲಿಲೀಟರಿಗೆ 2–5 ಮೈಕ್ರೋಗ್ರಾಂನಿಂದ ಶುರು ಮಾಡಿ. ಆ್ಯಕ್ಟಿನ್ ನಾರು ತೋರಿಸುವ ಫ್ಯಾಲಾಯ್ಡಿನ್ ಕೂಡ ಹಾಕುವುದಿದ್ದರೆ ಮೆಥನಾಲ್ ತಾಗಿಸಬೇಡಿ, ಆ್ಯಕ್ಟಿನ್‌ಗೆ ಅದು ಅಂಟುವುದೇ ಇಲ್ಲ. ಎರಡನೇ ಆಂಟಿಬಾಡಿ (ಮೊದಲನೆಯದಕ್ಕೆ ಅಂಟಿ ಹೊಳೆಯುವಂಥದ್ದು) ಮಾತ್ರ ಹಾಕಿದ ಒಂದು ಸ್ಲೈಡ್ ಇರಲೇಬೇಕು: ಕೋಳಿಯ ರಕ್ತಕಣಗಳು ಹಸಿರು ಚಾನೆಲ್‌ನಲ್ಲಿ ತಾವಾಗಿಯೇ ಹೊಳೆಯುತ್ತವೆ. ಅದಕ್ಕೇ ಕಡುಗೆಂಪಿನಲ್ಲಿ ಹೊಳೆಯುವ ಎರಡನೇ ಆಂಟಿಬಾಡಿ ಕೊಳ್ಳುವುದು ಲೇಸು.

ಇನ್ನೊಂದು. ಬಾಯಿಯ ತಳದಲ್ಲಿ ಮುಂದೆಂದಾದರೂ ಪ್ಯಾಕ್ಸ್3 ಕೋಶಗಳು ಸಿಕ್ಕರೆ ನಮ್ಮ ಮೇಲೆ ಜಗಳಕ್ಕೆ ಬರಬೇಡಿ. ಅವು ನಾಲಿಗೆಯವು, ತಲೆಯ ಹಿಂಭಾಗದ ಸೋಮೈಟ್‌ಗಳಿಂದ ನಡೆದುಕೊಂಡು ಬಂದ ಅತಿಥಿಗಳು.