ಮಾನಿಟರ್‌ನ ಸ್ವಂತ ರೆಸಲ್ಯೂಷನ್ನೇ ಪಟ್ಟಿಯಲ್ಲಿಲ್ಲ, ಎನ್ವಿಡಿಯಾ ಸಾಫ್ಟ್‌ವೇರ್‌ನಲ್ಲಿ ನಾವೇ ಸೇರಿಸಬಹುದಾ?

ಸೇರಿಸಬಹುದು. ಆದರೆ ಸೇರಿಸಬೇಡಿ.

20 ಇಂಚಿನ ಮಾನಿಟರ್, ವಿಜಿಎ ವಯರ್ (ಮಾನಿಟರ್‌ಗೆ ಚಿತ್ರ ಒಯ್ಯುವ ಹಳೆಯ ಕಾಲದ ವಯರ್), 1024×768ರ ಮೇಲೆ ಪಟ್ಟಿಯಲ್ಲಿ ಏನೂ ಇಲ್ಲ, 1600×900 ಬೇಕು ಅಂತ ಬರೆದಿದ್ದೀರಿ. ಓದುತ್ತಿದ್ದಂತೆ 2017ರ ನನ್ನ ಅಂಗಡಿಯ ಟೇಬಲ್ಲೇ ಕಣ್ಣ ಮುಂದೆ ಬಂತು.

ದಾವಣಗೆರೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ರಬ್ಬರ್ ಸ್ಟಾಂಪ್, ಚುನಾವಣೆ ಬಂದರೆ ಕರಪತ್ರ. ಆ ವರ್ಷ ಹಳೆಯ 19 ಇಂಚಿನ ಮಾನಿಟರ್ ಕೆಟ್ಟುಹೋಯಿತು. ಅದು 1440×900. ಈ ಸಂಖ್ಯೆ ನೆನಪಿಡಿ, ಮುಂದೆ ಇದೇ ನನ್ನ ತಲೆ ತಿನ್ನುತ್ತದೆ. ಸೆಕೆಂಡ್ ಹ್ಯಾಂಡ್‌ನಲ್ಲಿ 20 ಇಂಚಿನದು ತಂದೆ. ಅದೇ ವಾರ ಟೇಬಲ್ಲನ್ನು ಬಾಗಿಲ ಕಡೆಗೆ ಹಾಕಿದೆ, ಗಿರಾಕಿಗಳು ನಿಂತಲ್ಲೇ ಡಿಸೈನ್ ನೋಡಲಿ ಅಂತ. ಸಿಪಿಯು ಗೋಡೆ ಪಕ್ಕವೇ ಉಳಿಯಿತು, ವಯರ್ ಸಾಲಲಿಲ್ಲ. ಅಂಗಡಿಯಲ್ಲಿ ಇದ್ದದ್ದರಲ್ಲೇ ಅಗ್ಗದ, ಉದ್ದನೆಯ ವಿಜಿಎ ವಯರ್ ಒಂದನ್ನು ತಂದು ಚುಚ್ಚಿದೆ.

ಪಿಸಿ ಆನ್ ಮಾಡಿದರೆ ಐಕಾನುಗಳೆಲ್ಲ ಊದಿಕೊಂಡಿವೆ. 1024×768. ಅದಕ್ಕಿಂತ ಮೇಲೆ ಏನೂ ಇಲ್ಲ.

ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಎರಡು ಸಲ ಹಾಕಿದೆ. ಪ್ರಯೋಜನ ಆಗಲಿಲ್ಲ. ಆಮೇಲೆ ಒಂದು ವಿಡಿಯೋ ನೋಡಿ ದಾರಿ ಗೊತ್ತಾಯಿತು. ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್, ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್, ಚೇಂಜ್ ರೆಸಲ್ಯೂಷನ್, ಕಸ್ಟಮೈಸ್, ಕ್ರಿಯೇಟ್ ಕಸ್ಟಮ್ ರೆಸಲ್ಯೂಷನ್. ನೀವು ಕೇಳಿದ್ದು ಇದೇ, ಅಲ್ವಾ? ಅಲ್ಲಿ ಅಗಲ, ಎತ್ತರ ಎರಡು ಖಾಲಿ ಜಾಗ. ನನ್ನ ಬೆರಳು ತಾನಾಗಿಯೇ 1440, 900 ಅಂತ ಒತ್ತಿತು. ಐದಾರು ವರ್ಷ ನೋಡಿದ ಸಂಖ್ಯೆ. ಹೊಸ ಮಾನಿಟರ್‌ನ ಸ್ವಂತ ಅಳತೆ 1600×900 ಅನ್ನೋದನ್ನು ಅದರ ಹಿಂದಿನ ಸ್ಟಿಕ್ಕರ್ ಓದಿ ತಿಳಿಯುವ ತಾಳ್ಮೆ ನನಗಿರಲಿಲ್ಲ.

ಟೆಸ್ಟ್ ಒತ್ತಿದೆ. ಪರದೆ ಒಂದು ಸಲ ಕಪ್ಪಾಗಿ ಮತ್ತೆ ಬಂತು. ತುಂಬು ಪರದೆ, ಐಕಾನುಗಳು ಸಣ್ಣಗೆ, ಅಕ್ಷರ ಒಂಚೂರು ಮಬ್ಬು. ಸೇವ್ ಮಾಡಲಾ ಅಂತ ಕೇಳಿತು. ಯೆಸ್ ಅಂದೆ.

ಈ ಯೆಸ್ ಇದೆಯಲ್ಲ, ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ. ಟೆಸ್ಟ್ ಅಂದರೆ ಡ್ರೈವರ್ ಏನೋ ಪರೀಕ್ಷೆ ಮಾಡಿ ಪಾಸು ಫೇಲು ಹೇಳುತ್ತದೆ ಅಂದುಕೊಂಡಿದ್ದೆ. ಅದು ಅಂಥದ್ದೇನೂ ಮಾಡುವುದಿಲ್ಲ. ಸಿಗ್ನಲ್ ಕಳಿಸಿ, ಕಾಣ್ತಿದೆಯಾ ಅಂತ ನಮ್ಮನ್ನೇ ಕೇಳುತ್ತದೆ. ಉತ್ತರ ಕೊಡದಿದ್ದರೆ ಕೆಲವು ಸೆಕೆಂಡಿನಲ್ಲಿ ಹಳೆಯದಕ್ಕೆ ಹೋಗುತ್ತದೆ, ಅಷ್ಟೇ. ಅದರ ಮೇಲೆ ವಿಜಿಎ ವಯರಿನಲ್ಲಿ ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕೆ, ಅನ್ನೋದೇ ಹರಿಯುವುದಿಲ್ಲ. ಕೆಂಪು, ಹಸಿರು, ನೀಲಿಯ ಏರಿಳಿತ, ಜೊತೆಗೆ ಸಾಲು ಎಲ್ಲಿ ಮುಗಿಯಿತು, ಚಿತ್ರ ಎಲ್ಲಿ ಮುಗಿಯಿತು ಅನ್ನುವ ಎರಡು ಸೂಚನೆ. 900 ಸಾಲು ಬಂತು ಅಂತ ಮಾನಿಟರ್ ಲೆಕ್ಕ ಹಾಕುತ್ತದೆ, ಒಂದು ಸಾಲಿನಲ್ಲಿ ಎಷ್ಟು ಚುಕ್ಕೆ ಇದ್ದಿರಬಹುದು ಅಂತ ಊಹಿಸುತ್ತದೆ, ತನ್ನ ಅಗಲ ತುಂಬುವಷ್ಟು ಎಳೆಯುತ್ತದೆ. ಹಾಗಾಗಿ 1440 ಚುಕ್ಕೆ 1600 ಚುಕ್ಕೆಯ ಜಾಗದಲ್ಲಿ ಕೂತಿತು. ಎತ್ತರ ಸರಿ, ಅಗಲ ಮಾತ್ರ ನೂರಕ್ಕೆ ಹನ್ನೊಂದು ಜಾಸ್ತಿ. 1024×768 ಎಳೆದಾಗ ಆನೆಯಂತೆ ಕಾಣುವುದರಿಂದ ಕುರುಡನಿಗೂ ಗೊತ್ತಾಗುತ್ತದೆ. ಹನ್ನೊಂದು ಗೊತ್ತಾಗುವುದಿಲ್ಲ. ಎರಡು ದಿನಕ್ಕೆ ಕಣ್ಣು ಒಗ್ಗಿಹೋಗುತ್ತದೆ.

ಎರಡು ತಿಂಗಳು ಹೀಗೇ ನಡೆಯಿತು. ಆಮೇಲೆ ಒಂದು ಸಹಕಾರ ಸಂಘದ ಬೆಳ್ಳಿಹಬ್ಬದ ಆಹ್ವಾನ ಪತ್ರಿಕೆ ಬಂತು. ಸಾವಿರ ಪ್ರತಿ, ಮಲ್ಟಿಕಲರ್. ಸಂಘದ ದುಂಡನೆಯ ಮುದ್ರೆಯನ್ನು ಹಳೆಯ ಲೆಟರ್‌ಹೆಡ್‌ನಿಂದ ಸ್ಕ್ಯಾನ್ ಮಾಡಿ ಡಿಸೈನ್ ಸಾಫ್ಟ್‌ವೇರ್ ಕೋರೆಲ್‌ಗೆ ಹಾಕಿದೆ. ಅಡ್ಡಡ್ಡ ಮೊಟ್ಟೆಯಂತೆ ಕಂಡಿತು. ಸ್ಕ್ಯಾನರ್ ಎಳೆದುಬಿಟ್ಟಿದೆ ಅಂದುಕೊಂಡು, ಬಲಗಡೆಯ ಹಿಡಿ ಹಿಡಿದು, ಪರದೆ ಮೇಲೆ ಸರಿಯಾಗಿ ದುಂಡಗೆ ಕಾಣುವವರೆಗೂ ಒಳಗೆ ತಳ್ಳಿದೆ. ಸ್ಥಾಪಕ ಅಧ್ಯಕ್ಷರ ಫೋಟೋ ಕೂಡ ಸ್ವಲ್ಪ ದಪ್ಪ ಕಂಡಿತು. ಅವರನ್ನೂ ತಳ್ಳಿದೆ.

ಕಾರ್ಯದರ್ಶಿಗಳು ಬಂದರು, ಟೇಬಲ್ ಮುಂದೆ ನಿಂತು ಅದೇ ಪರದೆಯಲ್ಲೇ ನೋಡಿದರು, ಚೆನ್ನಾಗಿದೆ ಅಂದರು. ಕಪ್ಪುಬಿಳುಪು ಕರಡು ಪ್ರಿಂಟ್ ಕೊಟ್ಟೆ. ಅದರಲ್ಲಿ ನಾವಿಬ್ಬರೂ ನೋಡಿದ್ದು ಹೆಸರುಗಳನ್ನು ಮಾತ್ರ. ಯಾರ ಹೆಸರು ಮೊದಲು, ಯಾರಿಗೆ ಶ್ರೀ ಬಿಟ್ಟುಹೋಗಿದೆ, ಮಾಜಿ ನಿರ್ದೇಶಕರ ಇನಿಷಿಯಲ್ ಸರಿ ಇದೆಯಾ. ಸಂಘದ ಪತ್ರಿಕೆಯಲ್ಲಿ ಜಗಳ ಆಗುವುದು ಅಲ್ಲೇ ತಾನೆ.

ಪ್ರೆಸ್‌ನಿಂದ ಬಂದ ಕಟ್ಟು ಬಿಚ್ಚಿದ ದಿನ ಅವರು ಒಂದು ಪತ್ರಿಕೆ ಹಿಡಿದು ಬಂದರು. ಕೂಗಾಡಲಿಲ್ಲ. "ಏನಪ್ಪಾ, ಇಪ್ಪತ್ತೈದು ವರ್ಷದಿಂದ ದುಂಡಗಿದ್ದ ನಮ್ಮ ಮುದ್ರೆ ನಿನ್ನ ಅಂಗಡಿಗೆ ಬಂದು ಕೋಳಿಮೊಟ್ಟೆ ಆಯ್ತಲ್ಲೋ?" ಅಂದರು. ಆಮೇಲೆ ಅಧ್ಯಕ್ಷರ ಫೋಟೋ ತೋರಿಸಿ, "ಇವರು ಯಾವತ್ತಪ್ಪಾ ಇಷ್ಟು ಸೊರಗಿದ್ರು?" ಅಂದರು. ಸಾವಿರ ಪತ್ರಿಕೆ ನನ್ನ ಖರ್ಚಲ್ಲಿ ಮತ್ತೆ ಹೊಡೆಸಿದೆ.

ಅವತ್ತು ಸಂಜೆ ಕೋರೆಲ್‌ನಲ್ಲಿ ಕಂಟ್ರೋಲ್ ಒತ್ತಿ ಹಿಡಿದು ದೊಡ್ಡ ವೃತ್ತ ಒಂದನ್ನು ಎಳೆದು, ಮಗಳ ಶಾಲೆಯ ಸ್ಕೇಲನ್ನು ಪರದೆಗೆ ಒತ್ತಿ ಅಳೆದೆ. ಎತ್ತರ ಹನ್ನೆರಡೂವರೆ ಸೆಂಟಿಮೀಟರ್. ಅಗಲ ಹದಿನಾಲ್ಕಕ್ಕೆ ಒಂದು ಗೀಟು ಕಡಿಮೆ. ಈ ಅಳತೆಗೆ ಒಂದು ನಿಮಿಷ ಸಾಕಿತ್ತು. ಎರಡು ತಿಂಗಳ ಹಿಂದೆ, ಯೆಸ್ ಅನ್ನುವ ಮೊದಲು ಮಾಡಬೇಕಿತ್ತು.

ಇನ್ನು ನಗಬೇಡಿ. ಮರುವಾರ ಪಕ್ಕದ ಅಂಗಡಿಗೆ ಸಿಸಿಟಿವಿ ಹಾಕಲು ಬಂದ ಹುಡುಗ ನನ್ನ ಕಥೆ ಕೇಳಿ, "ಅಣ್ಣಾ, ವಯರ್ ಬದಲಾಯಿಸಿ ನೋಡಿದ್ರಾ?" ಅಂದ. ತನ್ನ ಚೀಲದಲ್ಲಿದ್ದ ಇನ್ನೊಂದು ವಯರ್ ಚುಚ್ಚಿದ. 1600×900 ಪಟ್ಟಿಯಲ್ಲಿ ತಾನಾಗಿ ಬಂದು ಕೂತಿತು, ಪಕ್ಕದಲ್ಲಿ ರೆಕಮೆಂಡೆಡ್ ಅಂತ ಬೇರೆ.

ವಿಷಯ ಇಷ್ಟೇ. ತನ್ನ ಅಳತೆ ಏನು ಅನ್ನೋದನ್ನು ಮಾನಿಟರ್ರೇ ಪಿಸಿಯ ಗ್ರಾಫಿಕ್ಸ್ ಕಾರ್ಡಿಗೆ ಹೇಳುತ್ತದೆ. ಅದಕ್ಕೆ ಇಡಿಐಡಿ ಅನ್ನುತ್ತಾರೆ, 128 ಬೈಟಿನ ಸಣ್ಣ ಚೀಟಿ. ವಿಜಿಎಯಲ್ಲಿ ಈ ಚೀಟಿ ಹೋಗುವುದು 12 ಮತ್ತು 15ನೇ ಪಿನ್ನುಗಳಲ್ಲಿ. ಚಿತ್ರಕ್ಕೆ ಆ ಪಿನ್ನುಗಳೇ ಬೇಡ, ಹಾಗಾಗಿ ಕೆಲವು ಅಗ್ಗದ ವಯರುಗಳಲ್ಲಿ ಆ ತಂತಿಗಳನ್ನೇ ಬಿಟ್ಟಿರುತ್ತಾರೆ. ಚಿತ್ರ ಚೆನ್ನಾಗಿಯೇ ಬರುತ್ತದೆ, ಚೀಟಿ ಮಾತ್ರ ತಲುಪುವುದಿಲ್ಲ. ಎದುರಿಗೆ ಯಾರಿದ್ದಾರೆ ಅಂತ ಗೊತ್ತಿಲ್ಲದ ಕಾರ್ಡು ಅಪಾಯವಿಲ್ಲದ 1024×768 ಕೊಟ್ಟು ಕೈ ತೊಳೆದುಕೊಳ್ಳುತ್ತದೆ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮಾನಿಟರ್‌ನ ಸ್ವಂತ ರೆಸಲ್ಯೂಷನ್ನೇ ಪಟ್ಟಿಯಲ್ಲಿ ಇಲ್ಲ ಅಂದರೆ ಕೊರತೆ ಪಟ್ಟಿಯದಲ್ಲ. ಡಿವೈಸ್ ಮ್ಯಾನೇಜರ್ ತೆರೆದು ಮಾನಿಟರ್ಸ್ ಅಡಿಯಲ್ಲಿ ನೋಡಿ. ಜೆನೆರಿಕ್ ನಾನ್-ಪಿಎನ್‌ಪಿ ಮಾನಿಟರ್ ಅಂತಿದ್ದರೆ ಚೀಟಿ ಬಂದಿಲ್ಲ ಅಂತಲೇ ಅರ್ಥ. ವಯರ್ ಬದಲಿಸಿ. ಮಧ್ಯೆ ಸ್ಪ್ಲಿಟ್ಟರ್, ಜಾಯಿಂಟರ್ ಇದ್ದರೆ ಕಿತ್ತು ನೇರ ಕೊಡಿ. ಮಾನಿಟರ್‌ಗೆ ಎಚ್‌ಡಿಎಂಐ ಇದ್ದರೆ ವಿಜಿಎ ಬಿಟ್ಟೇಬಿಡಿ.

ವಯರ್ ಗೋಡೆಯೊಳಗಿದೆ, ಬದಲಿಸಲು ಆಗುವುದೇ ಇಲ್ಲ ಅನ್ನುವುದಾದರೆ ಮಾತ್ರ ಕಸ್ಟಮ್ ಹಾಕಿ. 1600, 900, 60 ಹರ್ಟ್ಸ್, ಟೈಮಿಂಗ್‌ನಲ್ಲಿ ಡಿಎಂಟಿ (ಮಾನಿಟರ್‌ಗಳಿಗೆ ಮೊದಲೇ ನಿಗದಿಯಾದ ಟೈಮಿಂಗ್ ಪಟ್ಟಿ) ಆರಿಸಿ. ಒಟ್ಟು ಪಿಕ್ಸೆಲ್, ಅಂದರೆ ಪರದೆಯಲ್ಲಿ ಕಾಣದ ಬಿಡುವೂ ಸೇರಿ, 1800 ಮತ್ತು 1000 ಅಂತ ತೋರಿಸಬೇಕು. ಗುಣಿಸಿ ನೋಡಿ, 1800×1000×60 ಅಂದರೆ ಹತ್ತು ಕೋಟಿ ಎಂಬತ್ತು ಲಕ್ಷ, ಸೆಕೆಂಡಿಗೆ ಅಷ್ಟು ಚುಕ್ಕೆ, ಅದೇ 108 ಮೆಗಾಹರ್ಟ್ಸ್ ಪಿಕ್ಸೆಲ್ ಕ್ಲಾಕ್. ಹಾಕಿದ ಮೇಲೆ ಮಾನಿಟರ್‌ನ ಆಟೋ ಬಟನ್ ಒತ್ತಿ, ವೃತ್ತ ಎಳೆದು ಸ್ಕೇಲ್ ಹಿಡಿಯಿರಿ. ಡ್ರೈವರ್ ಕ್ಲೀನ್ ಇನ್‌ಸ್ಟಾಲ್ ಮಾಡಿದರೆ ಇದೆಲ್ಲ ಅಳಿಸಿಹೋಗಬಹುದು, ಸಂಖ್ಯೆಗಳನ್ನು ಎಲ್ಲಾದರೂ ಬರೆದಿಡಿ.

ಮಾನಿಟರ್ ಸುಟ್ಟುಹೋಗುತ್ತದಾ ಅಂತಲೂ ಕೇಳಿದ್ದೀರಿ. ಡಬ್ಬದಂಥ ಹಳೆಯ ಸಿಆರ್‌ಟಿ ಕಾಲದಲ್ಲಿ ಆ ಭಯಕ್ಕೆ ಅರ್ಥ ಇತ್ತು. ಈಗಿನ ಎಲ್‌ಸಿಡಿ ತನಗೆ ಆಗದ ಸಿಗ್ನಲ್ ಬಂದರೆ ಔಟ್ ಆಫ್ ರೇಂಜ್ ಅಂತ ಬರೆದು ಸುಮ್ನೆ ಕೂರುತ್ತದೆ. ಆಗ ಏನೂ ಒತ್ತದೆ ಕಾಯಿರಿ, ತಾನೇ ಹಿಂದಕ್ಕೆ ಬರುತ್ತದೆ.

ಅಕ್ಷರ ಸಣ್ಣದು ಅಂತ ರೆಸಲ್ಯೂಷನ್ ಇಳಿಸುವವರು, ಟಿವಿಯಲ್ಲಿ ಅಂಚು ಕತ್ತರಿಸಿದೆ ಅಂತ 1080ರ ಬದಲು ವಿಚಿತ್ರ ಸಂಖ್ಯೆ ಹಾಕುವವರು ಕೂಡ ಇದೇ ಕಿಟಕಿಗೆ ಬಂದು ನಿಲ್ಲುತ್ತಾರೆ. ಮೊದಲನೆಯವರಿಗೆ ವಿಂಡೋಸ್‌ನಲ್ಲೇ 125 ಪರ್ಸೆಂಟ್ ಸ್ಕೇಲಿಂಗ್ ಇದೆ. ಎರಡನೆಯವರು ಟಿವಿಯ ರಿಮೋಟ್ ಎತ್ತಿಕೊಂಡು ಪಿಕ್ಚರ್ ಸೈಜ್‌ನಲ್ಲಿ ಜಸ್ಟ್ ಸ್ಕ್ಯಾನ್ ಅಥವಾ ಸ್ಕ್ರೀನ್ ಫಿಟ್ ಹುಡುಕಲಿ.

ನಿಮ್ಮ ವಯರ್ ಎಷ್ಟು ಉದ್ದ, ಡಿವೈಸ್ ಮ್ಯಾನೇಜರ್‌ನಲ್ಲಿ ಮಾನಿಟರ್ ಹೆಸರು ಏನಂತ ಬಂದಿದೆ, ಎರಡನ್ನೂ ಕೆಳಗೆ ಬರೆಯಿರಿ. ಅಂಗಡಿ ಮುಚ್ಚಿದ ಮೇಲೆ ನೋಡಿ ಹೇಳುತ್ತೇನೆ.