ಬೈಕ್‌ನಿಂದ ಬಿದ್ದು ಹೆಗಲ ಮೂಳೆ ಎದ್ದಿದೆ, ಆಪರೇಷನ್ ಬೇಕೇ ಬೇಕಾ?

ಪ್ರಶ್ನೆ: ನನಗೆ 29 ವರ್ಷ. ಎರಡು ವಾರದ ಹಿಂದೆ ಬೈಕ್ ಸ್ಕಿಡ್ ಆಗಿ ಬಲ ಹೆಗಲ ಮೇಲೆ ಬಿದ್ದೆ. ಎಸಿ ಜಾಯಿಂಟ್ (ಕಾಲರ್ ಬೋನ್ ಹೆಗಲಿಗೆ ಸೇರುವ ಕೀಲು) ಬಿಟ್ಟುಕೊಂಡಿದೆ, ಗ್ರೇಡ್ 3, ಪ್ಲೇಟ್ ಹಾಕಬೇಕು ಅಂತ ಒಬ್ಬ ಡಾಕ್ಟರು ಹೇಳಿದರು. ಇನ್ನೊಬ್ಬರು ಬೇಡ ಅಂದರು. ಮನೆಯಲ್ಲಿ ನಾಟಿ ಕಟ್ಟು ಹಾಕಿಸು ಅಂತಿದ್ದಾರೆ. ನನ್ನದು ಕಂಪ್ಯೂಟರ್ ಕೆಲಸ, ಭಾನುವಾರ ಷಟಲ್ ಆಡುತ್ತೇನೆ. ಏನು ಮಾಡಲಿ?

ಉತ್ತರ: ಇಬ್ಬರು ಡಾಕ್ಟರೂ ಸುಮ್ನೆ ಹೇಳಿದ್ದಲ್ಲ. ಈ ಪೆಟ್ಟು ಎಷ್ಟು ಜೋರು ಅಂತ 1ರಿಂದ 6ರವರೆಗೆ ಗ್ರೇಡ್ ಕೊಡುತ್ತಾರೆ. ಗ್ರೇಡ್ 3 ಬಗ್ಗೆ ಮೂಳೆ ಡಾಕ್ಟರುಗಳಲ್ಲೇ ದಶಕಗಳಿಂದ ಒಮ್ಮತ ಇಲ್ಲ. ಗ್ರೇಡ್ 1, 2 ಆದರೆ ಆಪರೇಷನ್ ಬೇಡ, 4, 5, 6 ಆದರೆ ಸಾಮಾನ್ಯವಾಗಿ ಬೇಕು. ಮಧ್ಯದ್ದೇ ತಕರಾರು.

ಮೊದಲು ಒಂದು ವಿಷಯ. ಇದು ತೋಳಿನ ಗುಂಡು ಕಳಚಿಕೊಳ್ಳುವ ಡಿಸ್‌ಲೊಕೇಶನ್ ಅಲ್ಲ. ಕಾಲರ್ ಬೋನ್‌ನ ಹೊರತುದಿಯನ್ನು ಹೆಗಲಿಗೆ ಹಿಡಿದಿದ್ದ ಲಿಗಮೆಂಟ್‌ಗಳು (ಮೂಳೆಗಳನ್ನು ಜೋಡಿಸುವ ಗಟ್ಟಿ ನಾರುಗಳು) ಹರಿದಿವೆ. ಮೂಳೆ ಮೇಲೆದ್ದ ಹಾಗೆ ಕಂಡರೂ ಮುಖ್ಯವಾಗಿ ಕೈಯ ಭಾರಕ್ಕೆ ಹೆಗಲೇ ಕೆಳಗೆ ಜಗ್ಗಿರುತ್ತದೆ, ಅದಕ್ಕೇ ಎಣ್ಣೆ ಹಚ್ಚಿ ಒತ್ತಿದರೂ, ಎಷ್ಟೇ ಬಿಗಿಯಾಗಿ ಕಟ್ಟಿದರೂ ಅದು ಅಲ್ಲಿ ನಿಲ್ಲುವುದಿಲ್ಲ, ಬಿಗಿ ಕಟ್ಟಿನಿಂದ ಚರ್ಮ ಹುಣ್ಣಾಗುವುದು ಬೇರೆ. ನಾಟಿ ಕಟ್ಟು ಬೇಡ.

ನನ್ನ ಕೇಳಿದರೆ ನಿಮಗೆ ಈಗ ಆಪರೇಷನ್ ಬೇಡ. ಕೆನಡಾದ ಹಲವು ಆಸ್ಪತ್ರೆಗಳು ಸೇರಿ ಇಂಥ 83 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹುಕ್ ಪ್ಲೇಟ್ (ಕೊಕ್ಕೆ ಇರುವ ಲೋಹದ ಪಟ್ಟಿ) ಹಾಕಿ, ಇನ್ನೊಂದಕ್ಕೆ ಬರೀ ಸ್ಲಿಂಗ್ (ಕೈಯನ್ನು ಕುತ್ತಿಗೆಗೆ ತೂಗುಹಾಕುವ ಪಟ್ಟಿ) ಕೊಟ್ಟು ನೋಡಿದವು. 2015ರಲ್ಲಿ ಬಂದ ಫಲಿತಾಂಶ: ಎರಡು ವರ್ಷಕ್ಕೆ ಎರಡೂ ಗುಂಪಿನವರ ಕೈ ಒಂದೇ ಥರ. ಮೊದಲ ತಿಂಗಳುಗಳಲ್ಲಂತೂ ಸ್ಲಿಂಗ್‌ನವರೇ ವಾಸಿ. ಪ್ಲೇಟ್‌ನವರ ಹೆಗಲು ನೋಡಲು ನೆಟ್ಟಗಿತ್ತು, ಅಷ್ಟೇ. ಮೇಲಾಗಿ ಹುಕ್ ಪ್ಲೇಟ್ ಹಾಕಿದರೆ ಕೆಲವು ತಿಂಗಳಲ್ಲಿ ತೆಗೆಯಲು ಇನ್ನೊಂದು ಆಪರೇಷನ್. ಪ್ಲೇಟ್ ಬದಲು ಪುಟ್ಟ ಲೋಹದ ಬಟನ್, ಗಟ್ಟಿ ದಾರದಿಂದ ಮೂಳೆ ಹಿಡಿದಿಡುವ ವಿಧಾನದಲ್ಲಿ ತೆಗೆಯುವ ಗೋಜು ಸಾಮಾನ್ಯವಾಗಿ ಇರಲ್ಲ, ಆದರೆ ಅದೂ ಕೆಲವೊಮ್ಮೆ ಸಡಿಲವಾಗುತ್ತದೆ.

ಕಾಯ್ದರೆ ನಷ್ಟ ಇಲ್ವಾ ಅಂದರೆ, ಸ್ವಲ್ಪ ಇದೆ. ಮೊದಲ ಮೂರು ವಾರದಲ್ಲಿ ರಿಪೇರಿ ಸುಲಭ. ಆಮೇಲಾದರೆ ಹೆಚ್ಚಾಗಿ ತೊಡೆಯ ಸ್ನಾಯುರಜ್ಜು ತೆಗೆದು ಹೊಸ ಲಿಗಮೆಂಟ್ ಕಟ್ಟಬೇಕಾಗುತ್ತದೆ. ದೊಡ್ಡ ಕೆಲಸ, ಆದರೆ ಆಗುತ್ತದೆ. ಹಾಗಾಗಿ ಮೂರು ತಿಂಗಳ ನಂತರವೂ ಕೈ ಎತ್ತಿದಾಗ ನೋವು, ಸುಸ್ತು ಇದ್ದರೆ ಆಗ ಯೋಚಿಸಿ. ಮೂಟೆ ಹೊರುವವರು, ದಿನವಿಡೀ ಕೈ ಎತ್ತಿ ಬಣ್ಣ ಹೊಡೆಯುವವರು ಕೇಳಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತೇನೋ.

ಆದರೆ ಈ ವಾರವೇ ಪಕ್ಕದಿಂದ ತೆಗೆಯುವ ಎಕ್ಸ್-ರೇ ಮಾಡಿಸಿ. ಕಾಲರ್ ಬೋನ್ ಹಿಂದಕ್ಕೆ ಹೋಗಿದ್ದರೆ ಅದು ಗ್ರೇಡ್ 4, ಮುಂದಿನಿಂದ ತೆಗೆದ ಎಕ್ಸ್-ರೇಯಲ್ಲಿ ಗೊತ್ತಾಗದೆ ತಪ್ಪಿಹೋಗಬಹುದು. ಹಾಗೇನಾದರೂ ಇದ್ದರೆ ನಾನು ಹೇಳಿದ್ದೆಲ್ಲ ಬಿಟ್ಟು ಆಪರೇಷನ್ ಬಗ್ಗೆ ಮಾತಾಡಿ. ಬೆರಳು ಜೋಮು ಹಿಡಿದರೆ ಕಾಯಲೇಬೇಡಿ, ತಕ್ಷಣ ಡಾಕ್ಟರಿಗೆ ತೋರಿಸಿ.

ಎಕ್ಸ್-ರೇ ಸರಿ ಇದ್ದರೆ ಸ್ಲಿಂಗ್ ಇನ್ನೊಂದು ವಾರ ಸಾಕು. ಮೊಣಕೈ, ಬೆರಳು ಈಗಲೇ ಆಡಿಸಿ. ಆಮೇಲೆ ಫಿಸಿಯೋ, ಅದನ್ನು ಮಾತ್ರ ಅರ್ಧಕ್ಕೆ ಬಿಡಬೇಡಿ. ಉಬ್ಬು ಹಾಗೇ ಉಳಿಯುತ್ತದೆ. ಷಟಲ್‌ಗೆ ಸದ್ಯ ಮೂರು ತಿಂಗಳು ರಜಾ.